ಅತ್ತೆಯ ಮೂಗು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾನೆ. ತಿರುಗಲಿ ಬಿಡಿ. ನನ್ನ ಮೂಗಿನ ಮೇಲೆ ಕೋಪ ಇದ್ದರೆ ಯಾರ ಗಂಟೂ ಹೋಗುವುದಿಲ್ಲ. ಆದರೆ ನಮ್ಮತ್ತೆಯ ಮೂಗಿನ ಮೇಲೆ ನಮ್ಮ ಇಡೀ ಸಂಸಾರವೇ ನಿಂತಿತ್ತು. ಇದು ಉತ್ಪ್ರೇಕ್ಷೆ ಎನ್ನುವವರು ನಮ್ಮ ಗೊಬ್ಬರದ ಅಂಗಳಕ್ಕೆ ಒಮ್ಮೆ ಬಂದು ನೋಡಬೇಕು.

ತರಕಾರಿ ಮಾರುಕಟ್ಟೆಯ ಹಿಂಬದಿಯಲ್ಲಿ, ಎತ್ತರದ ಗೋಡೆಯ ಒಳಗಿದೆ ಆ ಅಂಗಳ. ಮಾರುಕಟ್ಟೆಯಲ್ಲಿ ಬಾಡಿದ್ದು, ಕೊಳೆತದ್ದು, ಹಣ್ಣಿನ ರಸದ ಅಂಗಡಿಗಳ ಸಿಪ್ಪೆ, ಚಹಾದಂಗಡಿಯ ಚರಟ, ರಸ್ತೆ ಬದಿಯ ಒಣಗಿದ ಎಲೆ, ಎಲ್ಲವನ್ನೂ ನನ್ನ ಗಂಡ ಮೂರು ಚಕ್ರದ ಗಾಡಿಯಲ್ಲಿ ತಂದು ಸುರಿಯುತ್ತಾನೆ. ನಾನು ಕವೆಗೋಲು ಹಿಡಿದು ರಾಶಿಗಳನ್ನು ಮಗುಚುತ್ತೇನೆ. ರಾಶಿ ಮಾಗಿದೆಯೋ ಇಲ್ಲವೋ ಎಂದು ಹೇಳುವುದು ಅತ್ತೆಯ ಕೆಲಸ. ರಾಶಿಯ ಹೊಟ್ಟೆಯಿಂದ ಒಂದು ಹಿಡಿ ತೆಗೆದು ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿದು ಕೆಲವು ದಿನ ಬಿಡುತ್ತಾರೆ. ಆಮೇಲೆ ಮುಚ್ಚಳ ತೆಗೆದು ಮೊದಲು ಒಂದು ಹೊಳ್ಳೆಯಿಂದ, ಆಮೇಲೆ ಇನ್ನೊಂದು ಹೊಳ್ಳೆಯಿಂದ ಮೂಸುತ್ತಾರೆ. ಅವರು ಸರಿ ಎನ್ನುವ ತನಕ ಒಂದು ಚೀಲವೂ ಗೇಟು ದಾಟುವಂತಿಲ್ಲ. ಮಾರುಕಟ್ಟೆಯವರು ಅವರನ್ನು ಇನ್ಸ್‌ಪೆಕ್ಟರಮ್ಮ ಎಂದೇ ಕರೆಯುತ್ತಾರೆ. ಅತ್ತೆಗೆ ಆ ಹೆಸರು ಕೇಳಿದರೆ ಹೊರಗೆ ಗಂಟು ಮುಖ, ಒಳಗೆ ಭಾರೀ ಖುಷಿ.

ಇನ್ನು ನನ್ನ ಕಥೆ. ಮದುವೆಯಾಗಿ ಬಂದ ದಿನದಿಂದಲೂ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೇ ಅಂಗಳಕ್ಕೆ ಇಳಿದವಳು. ಬಟ್ಟೆಗೆ ಲವಂಗದ ಎಣ್ಣೆ ಬೇರೆ. "ನನ್ನ ಸೊಸೆ ಗೊಬ್ಬರಕ್ಕೆ ಆಪರೇಷನ್ ಮಾಡೋ ಡಾಕ್ಟರು" ಎಂದು ಅತ್ತೆ ಬಂದವರಿಗೆಲ್ಲ ಪರಿಚಯ ಮಾಡಿಸುತ್ತಿದ್ದರು. ನಾನೇನು ಸುಮ್ಮನಿರುವವಳೇ? "ಡಾಕ್ಟರು ಇಲ್ದಿದ್ರೆ ಇನ್ಸ್‌ಪೆಕ್ಟರು ಯಾವ ರಾಶಿ ಮೂಸ್ತಿದ್ರೋ" ಎಂದು ತಿರುಗಿಸಿ ಹೇಳುತ್ತಿದ್ದೆ. ಹೀಗೆ ನಮ್ಮಿಬ್ಬರ ಸಂಸಾರ ಸಾಗಿತ್ತು.

ಮಳೆಗಾಲಕ್ಕೆ ಮುಂಚೆ ಒಬ್ಬ ಟೀಚರ್ ನಮ್ಮನ್ನು ಹುಡುಕಿಕೊಂಡು ಬಂದರು. ಚಿಕ್ಕ ವಯಸ್ಸು, ಮೆತ್ತಗಿನ ಮಾತು. ಅವರ ಶಾಲೆ ಇರುವುದು ಹಳೆಯ ಇಟ್ಟಿಗೆಗೂಡಿನ ಜಾಗದಲ್ಲಿ. ಹಿತ್ತಲಿನಲ್ಲಿ ಮಕ್ಕಳ ಕೈಯಲ್ಲಿ ತರಕಾರಿ ಬೆಳೆಸಬೇಕೆಂದು ಅವರಿಗೆ ಆಸೆ. ಹುಲ್ಲು ಸಹ ಹುಟ್ಟುವುದಿಲ್ಲ, ಏನು ಮಾಡಲಿ ಎಂದರು. ಅತ್ತೆ ಅಲ್ಲಿಗೆ ಹೋಗಿ ಒಂದು ಚೆಂಬು ನೀರು ಸುರಿದರು. ನೀರು ಒಳಕ್ಕಿಳಿಯದೆ ತಟ್ಟೆಯಲ್ಲಿ ನಿಂತ ಹಾಗೆ ನಿಂತಿತು. ಒಂದು ಹೆಂಟೆ ಎತ್ತಿ ಕುಟ್ಟಿದರು; ಅದು ಪುಡಿಯಾಗದೆ ಚೂರಾಯಿತು. ಮೂಸಿ ನೋಡಿ ತಲೆ ಆಡಿಸಿದರು.

"ಇದಕ್ಕೆ ವಾಸನೇನೇ ಇಲ್ಲ, ಟೀಚರ್. ಪಾಪ, ಇದರ ಮೇಲ್ಮಣ್ಣೆಲ್ಲ ಯಾರ್ಯಾರದೋ ಮನೆ ಗೋಡೆ ಆಗಿ ಹೋಗಿದೆ. ಉಳಿದಿರೋದು ಅಡಿಯ ಜೇಡಿ. ಒಳಗೆ ಗಾಳಿ ಇಲ್ಲ, ಹುಳ ಇಲ್ಲ, ತಿನ್ನೋಕೆ ಏನೂ ಇಲ್ಲ. ಮಳೆಗಾಲ ಮುಗೀಲಿ, ನಾನು ಇದಕ್ಕೆ ಊಟ ಕಳಿಸ್ತೀನಿ."

ಟೀಚರ್ ಮುಖ ಅರಳಿತು. ಅತ್ತೆ ಮಾತು ಕೊಟ್ಟರೆ ಮುಗಿಯಿತು.

ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ನೆಗಡಿ, ತಲೆನೋವು, ಮೈಕೈ ನೋವು. ಹಾಸಿಗೆ ಹಿಡಿದು ಎದ್ದ ಮೇಲೆ ಮೊದಲಿನ ಹಾಗೆಯೇ ಅಂಗಳಕ್ಕೆ ಬಂದು ಡಬ್ಬಿಗಳನ್ನು ತೆರೆದು ಮೂಸಿದರು. ಗೋಡೆಯ ಪಕ್ಕದ ದೊಡ್ಡ ರಾಶಿಯ ಮೇಲೆ ಮಳೆಗೆಂದು ಪ್ಲಾಸ್ಟಿಕ್ ಹಾಸು ಹೊದಿಸಿದ್ದೆವು. ಹಾಸು ಸರಿಸಿ ಕೈ ತೂರಿಸಿದರು, ತಣ್ಣಗಿತ್ತು. ಬಣ್ಣ ಕಪ್ಪಗಿತ್ತು. ಡಬ್ಬಿಯನ್ನೂ ಮೂಸಿ, ಶಾಲೆಗೆ ಇದೇ ಹೋಗಲಿ ಎಂದರು. ಹೋಯಿತು. ಮಳೆ ನಿಂತ ಮೇಲೆ ಮಕ್ಕಳು ಮಣ್ಣು ಅಗೆದು ಅದನ್ನು ಸೇರಿಸಿ ಟೊಮೇಟೊ, ಬದನೆ ಸಸಿ ನೆಟ್ಟರು.

ಒಂದು ದಿನ ಬೆಳಿಗ್ಗೆ ಟೀಚರ್ ಅಂಗಳದ ಗೇಟಿನಲ್ಲಿ ನಿಂತಿದ್ದರು. ಅಂಗೈಯಲ್ಲೊಂದು ಸತ್ತ ಸಸಿ. ಎಲೆಗಳ ಅಂಚೆಲ್ಲ ಸುಟ್ಟ ಕಾಗದದ ಹಾಗೆ ಕಂದಾಗಿತ್ತು.

"ಎಲ್ಲಾ ಹೀಗೇ ಆಗಿದೆ. ನಾವೇ ಏನಾದ್ರೂ ತಪ್ಪು ಮಾಡಿದ್ವಾ ಅಂತ ಕೇಳೋಣ ಅಂತ ಬಂದೆ" ಎಂದರು.

ಅಷ್ಟು ಮರ್ಯಾದೆಯಿಂದ ಕೇಳಿದವರ ಮೇಲೆ ನಾನು ಹರಿಹಾಯ್ದೆ. "ಕೊಡಗಟ್ಟಲೆ ನೀರು ಸುರಿದಿರ್ತೀರಿ! ಮಕ್ಕಳು ತುಳಿದಾಡಿರ್ತಾರೆ! ನಮ್ಮ ಗೊಬ್ಬರದ ಮೇಲೆ ಇಷ್ಟು ವರ್ಷದಲ್ಲಿ ಒಬ್ರೂ ಬೊಟ್ಟು ಮಾಡಿಲ್ಲ, ಗೊತ್ತಾ?" ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ಸಸಿಯನ್ನು ಕೈಗೆ ತೆಗೆದುಕೊಂಡರು. ಬೇರನ್ನು ಬೆರಳಿನಿಂದ ಒರೆಸಿದರು. ಮೂಗಿನ ಹತ್ತಿರ ಹಿಡಿದರು. ಅವರ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಬೇರು ಸುಟ್ಟಿದೆ. ನಾನು ಬಂದು ನೋಡ್ತೀನಿ, ಟೀಚರ್" ಎಂದು ಒಳಗೆ ಹೋದರು.

ಆ ಸಂಜೆ ನನ್ನ ಗಂಡ ಚಹಾ ಕುಡಿಯುತ್ತಾ, "ಅಮ್ಮಂಗೆ ಸುಸ್ತಾಗಿದೆ ಕಣೇ. ಇನ್ನು ಮನೇಲಿ ಆರಾಮಾಗಿ ಇರಲಿ. ರಾಶಿ ನೋಡೋಕೆ ಬೇರೆ ಯಾರನ್ನಾದ್ರೂ ಹುಡುಕೋಣ" ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಗಂಡಸರು ಒಳ್ಳೆಯ ಮನಸ್ಸಿನಿಂದ ಹೇಳುವ ಮಾತುಗಳೇ ನನಗೆ ಮೈ ಉರಿಸುವುದು. ಅಂಗಳಕ್ಕೆ ಬರಬೇಡಿ ಎಂದರೆ ಅತ್ತೆ ಮನೆಯಲ್ಲಿ ಕೂತು ಏನು ಮಾಡಬೇಕು, ಗೋಡೆ ಎಣಿಸಬೇಕೇ? "ಆ ಶಾಲೆ ನೆಲ ಸರಿಹೋಗೋ ತನಕ ಬಾಯಿ ಮುಚ್ಕೊಂಡಿರು" ಎಂದೆ. ಅವನು ಯೋಚಿಸಿ, "ಆಯ್ತು. ಅಲ್ಲಿ ಗಿಡ ಉಳಿದ್ರೆ ಅಮ್ಮ ಅಂಗಳಕ್ಕೆ ಬರಲಿ. ಇಲ್ಲಾಂದ್ರೆ ಮನೇಲಿ" ಎಂದ. ಅತ್ತೆ ಬಾಗಿಲ ಆಚೆ ನಿಂತು ಕೇಳಿಸಿಕೊಂಡಿದ್ದರೆಂದು ನನಗೆ ಅವರ ಬಳೆಯ ಸದ್ದಿನಿಂದ ಗೊತ್ತಾಯಿತು.

ಮಾರನೆಯ ದಿನ ಅಡುಗೆಮನೆಗೆ ಕಾಲಿಟ್ಟರೆ ಮೂಗು ಹಿಡಿದುಕೊಳ್ಳುವಂಥ ನಾತ. ಅಕ್ಕಿ ಡಬ್ಬದ ಹಿಂದೆ ಇಲಿ ಸತ್ತಿತ್ತು. ಸತ್ತು ಸಾಕಷ್ಟು ಹೊತ್ತಾಗಿತ್ತು. ಅದೇ ಅಕ್ಕಿ ಡಬ್ಬಕ್ಕೆ ಬೆನ್ನು ಒರಗಿಸಿ ನಮ್ಮತ್ತೆ ನೆಮ್ಮದಿಯಾಗಿ ಚಹಾ ಕುಡಿಯುತ್ತಾ ಕೂತಿದ್ದಾರೆ! ಇವರು ಯಾರು? ಪಕ್ಕದ ಮನೆಯಲ್ಲಿ ಹಾಲು ಹುಳಿಯಾದರೆ ಇಲ್ಲಿಂದಲೇ ಹೇಳುತ್ತಿದ್ದ ಇನ್ಸ್‌ಪೆಕ್ಟರಮ್ಮ.

ನಾನು ಇಲಿಯನ್ನು ಬಾಲ ಹಿಡಿದು ಎತ್ತಿದೆ. ಅತ್ತೆ ಅದನ್ನು ನೋಡಿದರು, ನನ್ನನ್ನು ನೋಡಿದರು. ಚಹಾದ ಲೋಟ ಕೆಳಗಿಟ್ಟರು.

"ಯಾವಾಗಿಂದ, ಅತ್ತೆ?"

"ಜ್ವರ ಬಂದಾಗಿಂದ" ಎಂದರು ನೆಲ ನೋಡುತ್ತಾ. "ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾದೆ. ಬರಲೇ ಇಲ್ಲ. ಡಬ್ಬಿ ಮೂಸಿದ್ರೆ ಬರೀ ಗಾಳಿ ಹೋಗುತ್ತೆ ಒಳಗೆ. ಕೆಟ್ಟ ವಾಸನೆ ಬರಲಿಲ್ಲ, ಅದಕ್ಕೆ ರಾಶಿ ಚೆನ್ನಾಗೇ ಇರಬೇಕು ಅಂದ್ಕೊಂಡುಬಿಟ್ಟೆ ಕಣೇ. ತಣ್ಣಗಿತ್ತು, ಕಪ್ಪಗಿತ್ತು. ಪ್ಲಾಸ್ಟಿಕ್ ಅಡಿ ಉಸಿರು ಕಟ್ಟಿ ಹುಳಿಯಾಗಿರೋ ರಾಶೀನೂ ಹಾಗೇ ತಣ್ಣಗೆ, ಕಪ್ಪಗೆ ಇರುತ್ತೆ. ಕೈಗೆ ಗೊತ್ತಾಗಲ್ಲ, ಕಣ್ಣಿಗೆ ಗೊತ್ತಾಗಲ್ಲ. ಮೂಗು ಒಂದೇ ಹೇಳಬೇಕಾಗಿದ್ದು."

"ನನ್ನ ಹತ್ರ ಹೇಳೋಕೇನಾಗಿತ್ತು?"

"ಹೇಳಿದ್ರೆ ಮನೇಲಿ ಕೂರಿಸ್ತೀರಿ." ಆಮೇಲೆ ಇನ್ನೂ ಮೆತ್ತಗೆ, "ಇನ್ನೊಂದಿದೆ. ದಿನಾ ಗೊಬ್ಬರದಲ್ಲಿ ಕೈಯಾಡಿಸೋಳು ನಾನು. ನನ್ನ ಮೈಯಿಂದ ಎಂಥ ನಾತ ಬರ್ತಿದೆಯೋ ನನಗೇ ಗೊತ್ತಾಗಲ್ಲ. ನೀವು ಊಟಕ್ಕೆ ಕೂತಾಗ ನಾನು ಹತ್ರ ಬಂದ್ರೆ ನಿಮಗೆ ಹೇಗಾಗುತ್ತೋ ಅಂತ..." ಎಂದರು.

ಆಗ ನನಗೆ ಹೊಳೆಯಿತು. ಜ್ವರದಿಂದ ಎದ್ದ ಮೇಲೆ ಅತ್ತೆ ದಿನಕ್ಕೆರಡು ಸಲ ಸ್ನಾನ ಮಾಡುತ್ತಿದ್ದರು. ಊಟಕ್ಕೆ ಬಾಗಿಲ ಬಳಿ, ಗಾಡಿಯಲ್ಲಿ ಹಿಂದಿನ ತುದಿಯಲ್ಲಿ ಕೂರುತ್ತಿದ್ದರು. ನಾನು ಅದನ್ನು ಅತ್ತೆಯ ಹೊಸ ಬಿಗುಮಾನ ಎಂದುಕೊಂಡು ಒಳಗೊಳಗೇ ಬೈದುಕೊಂಡಿದ್ದೆ. ಅಳು ಬಂತು. ನನಗೆ ಅಳು ಬಂದರೆ ಅದು ಬೈಗುಳವಾಗಿಯೇ ಹೊರಬರುವುದು. "ಎಷ್ಟು ಸೋಪು ಖರ್ಚು ಮಾಡಿದೀರಿ ಸುಮ್ಮನೆ! ಮೊದಲು ಕೈ ತೊಳ್ಕೊಳ್ಳಿ, ಇಲಿ ಜೊತೆ ಚಹಾ ಕುಡಿದಿದ್ದೀರಿ!" ಎಂದು ಕೂಗಾಡಿದೆ. ಅತ್ತೆ ಮೂಗೊರೆಸಿಕೊಂಡು ನಕ್ಕರು.

"ನಿಮ್ಮ ಮಗನಿಗೆ ಹೇಳಲ್ಲ. ಆದ್ರೆ ಇನ್ನು ಮೇಲೆ ಮೂಸೋದು ನಾನು, ತೀರ್ಪು ಕೊಡೋದು ನೀವು" ಎಂದೆ. ಹೇಳುವುದು ಸುಲಭ.

ಮೊದಲ ದಿನ ಮೂಗಿನ ಬಟ್ಟೆ ಬಿಚ್ಚಿ ರಾಶಿಯ ಮುಂದೆ ಬಗ್ಗಿದೆ. "ಹೇಗಿದೆ?" ಎಂದರು ಅತ್ತೆ.

"ಥೂ! ಗಬ್ಬು."

"ಗಬ್ಬು ಅಂದ್ರೆ ಆಯ್ತಾ? ಯಾವ ಗಬ್ಬು? ಕೊಳೆತ ಮೊಟ್ಟೇದಾ, ಮೂತ್ರದ ಮನೇದಾ, ಹುಳಿ ಹಾಲಿಂದಾ?"

"ಎಲ್ಲಾ ಸೇರಿಸಿ ರುಬ್ಬಿದ ಹಾಗಿದೆ!"

"ಸರಿಯಾಗಿ ಮೂಸು, ಡಾಕ್ಟರಮ್ಮ."

ಮೂಸಿದೆ. ವಾಂತಿ ಬಂತು. ನೀರು ಕುಡಿದು ಮತ್ತೆ ಮೂಸಿದೆ. ಮೂತ್ರದ ಮನೆಯ ವಾಸನೆ ಬಂದರೆ ಹಸಿ ಸೊಪ್ಪು, ಸಿಪ್ಪೆ ಜಾಸ್ತಿಯಾಗಿದೆ, ಒಣ ಎಲೆ ಸೇರಿಸಬೇಕು. ಮೊಟ್ಟೆ ವಾಸನೆ ಬಂದರೆ ಒಳಗೆ ಗಾಳಿ ಇಲ್ಲ, ಮಗುಚಬೇಕು. ಹುಳಿ ವಾಸನೆ ಬಂದರೆ ಹಾಸು ಕಿತ್ತು, ಹರಡಿ, ಉಸಿರಾಡಲು ಬಿಡಬೇಕು. ಅತ್ತೆ ನನಗೆ ಹೇಳಿಕೊಟ್ಟದ್ದು ಹೀಗೆ, ಒಂದೊಂದಾಗಿ, ಮಧ್ಯೆ ಮಧ್ಯೆ ಬೈಗುಳ ಸೇರಿಸಿ. ನನ್ನ ಮೂಗಿಗೆ ಮಾತು ಬರಲು ಬಹಳ ದಿನ ಹಿಡಿಯಿತು. ಬರುಬರುತ್ತಾ ನನಗೆ ವಾಂತಿ ನಿಂತಿತು. ಅದಕ್ಕಿಂತ ಆಶ್ಚರ್ಯವೆಂದರೆ ಬೆಳಿಗ್ಗೆ ಎದ್ದು ರಾಶಿಗಳು ಹೇಗಿವೆಯೋ ಎಂದು ಹೋಗಿ ಮೂಸುವ ಚಟ ಹತ್ತಿತು. ನನ್ನ ಗಂಡ ಇದನ್ನು ನೋಡಿ, "ಮನೇಲಿ ಇಬ್ಬರು ಇನ್ಸ್‌ಪೆಕ್ಟರು, ನನ್ನ ಗತಿ ಮುಗೀತು" ಎಂದ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

ಶಾಲೆಯ ಹಿತ್ತಲಿಗೂ ಹೋಗುತ್ತಿದ್ದೆವು. ಮೊದಲ ಸಲ ಹೋದಾಗ ನಾನು ಟೀಚರ್ ಹತ್ತಿರ, "ಅವತ್ತು ಬಾಯಿಗೆ ಬಂದ ಹಾಗೆ ಮಾತಾಡಿಬಿಟ್ಟೆ" ಎಂದೆ. "ಪರವಾಗಿಲ್ಲ, ನಮ್ಮ ಹೆಡ್‌ಮಾಸ್ಟರು ಇನ್ನೂ ಜೋರು" ಎಂದು ಅವರು ನಕ್ಕುಬಿಟ್ಟರು. ಹುಳಿಯಾದ ಗೊಬ್ಬರ ಮಣ್ಣಿಗೆ ಸೇರಿಹೋಗಿತ್ತು, ವಾಪಸ್ ತೆಗೆಯುವ ಹಾಗಿರಲಿಲ್ಲ. "ತೆಗೆಯೋದು ಬೇಡ, ಮಣ್ಣೇ ಅದನ್ನ ಮಾಗಿಸಲಿ. ಅದಕ್ಕೆ ಉಸಿರು ಬೇಕು ಅಷ್ಟೇ" ಎಂದರು ಅತ್ತೆ. ನಾವು ಕವೆಗೋಲಿನಿಂದ ಪಾತಿಗಳನ್ನು ಸಡಿಲಿಸಿದೆವು. ಮಕ್ಕಳು ಚೀಲಗಟ್ಟಲೆ ಒಣ ಎಲೆ ಹೊತ್ತು ತಂದು ಬೆರೆಸಿದರು. ಮೇಲೆ ಗೋಣಿತಟ್ಟು ಹೊದಿಸಿ, ಒಣಗದ ಹಾಗೆ ನೀರು ಚಿಮುಕಿಸಿ, ಯಾರೂ ತುಳಿಯಬಾರದೆಂದು ಕಟ್ಟಪ್ಪಣೆ ಮಾಡಿದೆವು. ಅಂಗಳದಲ್ಲಿ ಚೆನ್ನಾಗಿ ಮಾಗಿದ ರಾಶಿಯಿಂದ, ನಾನು ಮೂಸಿ ಅತ್ತೆ ಒಪ್ಪಿದ್ದನ್ನು, ಆಮೇಲೆ ತೆಳ್ಳಗೆ ಒಂದು ಪದರ ಹರಡಿದೆವು.

ಮಣ್ಣಿಗೆ ಗಡಿಬಿಡಿ ಮಾಡಿದರೆ ನಡೆಯುವುದಿಲ್ಲ. ಹೋದಾಗಲೆಲ್ಲ ಅತ್ತೆ ಒಂದು ಚೆಂಬು ನೀರು ಸುರಿದು ನೋಡುತ್ತಿದ್ದರು. ಮೊದಮೊದಲು ನಿಂತೇ ಇರುತ್ತಿತ್ತು. ಆಮೇಲೆ ಒಂದು ದಿನ ನಿಂತು, ಯೋಚಿಸಿ, ಮೆಲ್ಲಗೆ ಇಳಿಯಿತು. ಇನ್ನೊಂದು ದಿನ ಗೋಣಿತಟ್ಟಿನ ಅಡಿಯಲ್ಲಿ ಎರೆಹುಳ ಕಂಡು ಮಕ್ಕಳು ಕಿರುಚಿದ್ದಕ್ಕೆ ಪಕ್ಕದ ಬೀದಿಯವರು ಓಡಿ ಬಂದರು. ಹೆಂಟೆ ಒತ್ತಿದರೆ ಈಗ ಚೂರಾಗದೆ, ಬ್ರೆಡ್ಡಿನ ಪುಡಿಯ ಹಾಗೆ ಉದುರುತ್ತಿತ್ತು. ಟೀಚರ್ ಕೂಡ ಸುಮ್ಮನಿರಲಿಲ್ಲ. ಮಣ್ಣು ಎಷ್ಟು ಸರಿಹೋಗಿದೆ ಎಂದು ನೋಡಲು ಆಗಾಗ ಪಾತಿಯ ಮಣ್ಣನ್ನು ಬಸಿಗಳಲ್ಲಿ ತುಂಬಿ ಸಾಸಿವೆ ಬಿತ್ತಿ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಮೊದಲಿನ ಬಸಿಗಳಲ್ಲಿ ಕಾಳು ಕೊಳೆತಿತ್ತು, ಕೊನೆಯದರಲ್ಲಿ ಹಸಿರು ಕಿಕ್ಕಿರಿದಿತ್ತು. ಅತ್ತೆ ಅದನ್ನು ಕೈಯಲ್ಲಿ ಎತ್ತಿ ಎತ್ತಿ ನೋಡಿದರು. "ಇದು ನನಗೆ ಇಷ್ಟು ದಿನ ಹೊಳೀಲೇ ಇಲ್ಲವಲ್ಲ! ನಮ್ಮ ಅಂಗಳದಲ್ಲೂ ಇಡೋಣ ಕಣೇ" ಎಂದರು. ಮಗು ಬೊಂಬೆ ನೋಡುವ ಹಾಗೆ ನೋಡುತ್ತಿದ್ದರು.

ಕೊನೆಗೆ ಹೊಸ ಸಸಿ ನೆಡುವ ದಿನ ಬಂತು. ಮಕ್ಕಳೆಲ್ಲ ಕೈಯಲ್ಲಿ ಒಂದೊಂದು ಸಸಿ ಹಿಡಿದು ಪಾತಿಯ ಸುತ್ತ ನಿಂತಿದ್ದರು. ನನ್ನ ಗಂಡ ಗಾಡಿ ನಿಲ್ಲಿಸಿ ಗೇಟಿಗೆ ಒರಗಿ ನಿಂತಿದ್ದ. ಇನ್ಸ್‌ಪೆಕ್ಟರಮ್ಮ ಪಾಸು ಮಾಡಬೇಕು, ಆಮೇಲೆ ನೆಡುವುದು ಎಂದು ಟೀಚರ್ ಮಕ್ಕಳಿಗೆ ಹೇಳಿಬಿಟ್ಟಿದ್ದರು. ನಾವು ಮನೆಯಿಂದ ಹೊರಡುವಾಗಲೇ ಮಾತಾಡಿಕೊಂಡಿದ್ದೆವು: ಮೊದಲು ನಾನು ಸಸಿಗೆ ಗುಂಡಿ ತೋಡುವ ನೆಪದಲ್ಲಿ ಬಗ್ಗಿ ಮೂಸುವುದು, ಚೆನ್ನಾಗಿದ್ದರೆ ಒಂದು ಸಲ ಕೆಮ್ಮುವುದು, ಅತ್ತೆ ಆಮೇಲೆ ಕೈಗೆತ್ತಿಕೊಂಡು ಮೂಸಿದ ಹಾಗೆ ಮಾಡುವುದು. ಈ ಗಿಡ ಉಳಿದರೆ ಅತ್ತೆ ಅಂಗಳಕ್ಕೆ, ಇಲ್ಲವಾದರೆ ಮನೆಗೆ.

ನಾನು ಬಗ್ಗಿದೆ, ಮೂಸಿದೆ, ಕೆಮ್ಮಿದೆ.

ಅತ್ತೆ ಒಂದು ಹಿಡಿ ಮಣ್ಣು ತೆಗೆದು ಮೂಗಿನ ಹತ್ತಿರ ಹಿಡಿದರು. ಒಂದು ಹೊಳ್ಳೆ. ಇನ್ನೊಂದು ಹೊಳ್ಳೆ. ಮಕ್ಕಳು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ನಾನು ಮತ್ತೆ ಕೆಮ್ಮಿದೆ. ಅತ್ತೆ ಕೈ ಕೆಳಗಿಳಿಸಿದರು.

"ನನಗೆ ವಾಸನೆ ಗೊತ್ತಾಗಲ್ಲ, ಮಕ್ಕಳೇ" ಎಂದರು. "ಜ್ವರ ಬಂದಾಗಿಂದ ನನ್ನ ಮೂಗು ಕೆಲಸ ಮಾಡ್ತಿಲ್ಲ. ಮೊದಲು ಕಳಿಸಿದ ಗೊಬ್ಬರ ಹುಳಿಯಾಗಿತ್ತು. ನಿಮ್ಮ ಗಿಡ ಸತ್ತಿದ್ದು ನನ್ನಿಂದ, ನಿಮ್ಮಿಂದಲ್ಲ. ಅವತ್ತು ನೀವು ಅತ್ತಿದ್ರಂತೆ, ಟೀಚರ್ ಹೇಳಿದ್ರು. ನಿಮ್ಮೆದುರಿಗೆ ಮತ್ತೆ ಸುಳ್ಳು ಮೂಸೋಕೆ ನನಗೆ ಆಗಲ್ಲ."

ನನ್ನ ಗಂಡ ಗೇಟು ಬಿಟ್ಟು ಹತ್ತಿರ ಬಂದ. ಅವನ ಮುಖ ನೋಡಲಾಗಲಿಲ್ಲ. "ಅಮ್ಮಾ" ಎಂದ, ಅಷ್ಟೇ.

ಅತ್ತೆ ಅವನ ಕಡೆ ತಿರುಗಲಿಲ್ಲ. ಕೈಯಲ್ಲಿದ್ದ ಮಣ್ಣನ್ನು ನನ್ನ ಕೈಗೆ ಸುರಿದರು. "ನೀನು ಹೇಳು. ಕೆಮ್ಮಬೇಡ, ಬಾಯಿ ಬಿಟ್ಟು ಹೇಳು."

ನಾನು ಎರಡೂ ಕೈಯಲ್ಲಿ ಹಿಡಿದು ಮೂಸಿದೆ. ಹುಳಿ ಇಲ್ಲ, ಮೊಟ್ಟೆ ಇಲ್ಲ, ಮೂತ್ರದ ಘಾಟು ಇಲ್ಲ. ಏನಿಲ್ಲ ಎಂದು ಹೇಳುವುದು ಸುಲಭವಿತ್ತು. ಏನಿದೆ ಎಂದು ಹೇಳಲು ತಡಕಾಡಿದೆ. ತಂಪು, ಸ್ವಲ್ಪ ಸಿಹಿ, ಸ್ವಲ್ಪ ಹಳೆಯದು. ಈ ವಾಸನೆ ನನಗೆ ಗೊತ್ತು, ಎಲ್ಲೋ ಬಹಳ ಹತ್ತಿರದಿಂದ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅಮ್ಮನ ನೆನಪಾಗಿ ನಾನು ಅಡುಗೆಮನೆಯ ಮೂಲೆಯಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಅಂಗಳದಿಂದ ಆಗಷ್ಟೇ ಬಂದ ಅತ್ತೆ ಕೈಕಾಲು ಸಹ ತೊಳೆಯದೆ ನನ್ನನ್ನು ಎದೆಗೊತ್ತಿಕೊಂಡಿದ್ದರು. ನಾನು ಅವರ ಭುಜದಲ್ಲಿ ಮುಖವಿಟ್ಟು ಅಳು ನಿಲ್ಲುವ ತನಕ ಹಾಗೇ ಇದ್ದೆ.

"ಏನೇ, ಕೆಟ್ಟಿದೆಯಾ?" ಎಂದರು ಅತ್ತೆ.

"ಇಲ್ಲ ಅತ್ತೆ. ಇದು ನಿಮ್ಮ ವಾಸನೆ."

ಮಕ್ಕಳು ಕಿಸಕ್ಕನೆ ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನೇ ನೋಡುತ್ತಾ, "ತಮಾಷೆ ಮಾಡಬೇಡ" ಎಂದರು.

"ತಮಾಷೆ ಅಲ್ಲ. ನಿಮ್ಮ ಮೈ ಯಾವಾಗಲೂ ಹೀಗೇ ಇರೋದು. ನೀವು ಸೋಪು ಹಾಕಿ ಹಾಕಿ ತೊಳೀತಿದ್ದದ್ದು ಇದನ್ನೇ. ಸ್ವಲ್ಪಾನೂ ಹೋಗಿಲ್ಲ, ಪುಣ್ಯಕ್ಕೆ."

ಅತ್ತೆ ತಮ್ಮ ಅಂಗೈಯನ್ನು ಮೂಗಿನ ಹತ್ತಿರ ತಂದು, ಏನೂ ತಿಳಿಯದೆ, ಮತ್ತೆ ಇಳಿಸಿದರು. ಕಣ್ಣು ತುಂಬಿಕೊಂಡಿತ್ತು. ನನ್ನ ಗಂಡ ಮೂಗೆಳೆದುಕೊಂಡು, "ಇವಳು ಮೂಸೋದು ಕಲೀಬೇಕಾದ್ರೆ ನೀನು ಅಂಗಳದಲ್ಲಿ ಇರಲೇಬೇಕಮ್ಮ. ಇವಳಿಗೆ ಗಬ್ಬಿಗೂ ಪರಿಮಳಕ್ಕೂ ವ್ಯತ್ಯಾಸ ಹೇಳಿಕೊಡೋರು ಬೇರೆ ಯಾರಿದ್ದಾರೆ?" ಎಂದ. ಅವನಿಗೆ ಇಂಥ ಮಾತು ಬರುತ್ತದೆಂದು ನನಗೂ ಗೊತ್ತಿರಲಿಲ್ಲ.

"ಆಯ್ತು, ಆಯ್ತು. ಮಕ್ಕಳು ಎಷ್ಟು ಹೊತ್ತು ಕೈಯಲ್ಲಿ ಹಿಡ್ಕೊಂಡು ನಿಂತಿರಬೇಕು? ಬೇರು ಒಣಗುತ್ತೆ, ನೆಡಿಸಿ ಟೀಚರ್" ಎಂದು ಅತ್ತೆ ಗದರಿದರು. ಮಕ್ಕಳು ಕೂಗುತ್ತಾ ಪಾತಿಗಳಿಗೆ ನುಗ್ಗಿದರು.

ಆ ಗದ್ದಲದಲ್ಲಿ ಅತ್ತೆ ನನ್ನ ಪಕ್ಕಕ್ಕೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದು ನಿಂತರು. "ಇನ್ನೊಂದು ಸಲ ಸರಿಯಾಗಿ ಮೂಸಿ ಹೇಳೇ" ಎಂದರು ಪಿಸುಮಾತಿನಲ್ಲಿ.

ನಾನು ಕೈಯಲ್ಲಿದ್ದ ಮಣ್ಣನ್ನು ಪಾತಿಗೆ ಸುರಿದು, ಅವರ ಭುಜಕ್ಕೆ ಮುಖ ಒತ್ತಿ, ಉಸಿರೆಳೆದುಕೊಂಡೆ.